ಯುದ್ಧಕ್ಕೆ ಬುಕ್ ಆಗಿದ್ದ ಪ್ಯಾಸೆಂಜರ್ ಹಡಗು

 ಇಯರ್‌ಫೋನ್ ಹಾಕ್ಕೊಂಡ್ರಾ? ಸರಿ, 1889ರ ಆಗಸ್ಟ್‌ಗೆ ಹೋಗೋಣ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಪಿಟ್‌ಹೆಡ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಭರ್ಜರಿ ಪ್ರದರ್ಶನ. ಯುದ್ಧನೌಕೆಗಳ ಮಧ್ಯೆ ಒಂದು ಹೊಚ್ಚ ಹೊಸ ಪ್ಯಾಸೆಂಜರ್ ಹಡಗು ನಿಂತಿದೆ. ಹೆಸರು ಟ್ಯೂಟಾನಿಕ್. ಕಂಪನಿ ವೈಟ್ ಸ್ಟಾರ್. ಹೌದು, ಮುಂದೆ ಟೈಟಾನಿಕ್ ಓಡಿಸಿದ್ದೂ ಅವರೇ. ಶ್ರೀಮಂತರನ್ನ ನ್ಯೂಯಾರ್ಕಿಗೆ ಕರ್ಕೊಂಡು ಹೋಗಬೇಕಾದ ಹಡಗಿನ ಡೆಕ್ ಮೇಲೆ ಅವತ್ತು ಫಿರಂಗಿಗಳು!

ನೋಡೋಕೆ ಬಂದಿದ್ದವನು ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್. ಜೊತೆಗಿದ್ದವನು ಅವನ ಸೋದರಮಾವ, ಬ್ರಿಟನ್ನಿನ ಯುವರಾಜ ಎಡ್ವರ್ಡ್. ಇಂಥದ್ದು ನಮಗೂ ಬೇಕು ಅಂತ ಅಳಿಯನಿಗೆ ಅಲ್ಲೇ ಆಸೆ ಹುಟ್ಟಿತಂತೆ. 1897ರಲ್ಲಿ ಜರ್ಮನಿಯ ದೈತ್ಯ ಲೈನರ್ ‘ಕೈಸರ್ ವಿಲ್ಹೆಲ್ಮ್ ಡೆರ್ ಗ್ರೋಸೆ’ ನೀರಿಗಿಳೀತು. 1914ರ ಆಗಸ್ಟ್‌ನಲ್ಲಿ ಅದಕ್ಕೂ ಫಿರಂಗಿ ಕೂರಿಸಿದರು. ಅದೇ ತಿಂಗಳು ಆಫ್ರಿಕಾ ತೀರದಲ್ಲಿ ಮುಳುಗಿಯೂ ಹೋಯ್ತು.

ನಂದು ಬಿ.ಕಾಂ. ತಲೆ, ನಂಗೆ ಬಾವುಟ, ಬ್ಯಾಂಡಿಗಿಂತ ಕಾಂಟ್ರ್ಯಾಕ್ಟೇ ಕಾಣೋದು. ಸರ್ಕಾರ ಕಂಪನಿಗೆ ವರ್ಷವರ್ಷ ದುಡ್ಡು ಕೊಡುತ್ತೆ. ಕಂಪನಿ ಫಿರಂಗಿ ಕೂರಿಸೋಕೆ ಆಗೋ ಥರ ಹಡಗು ಕಟ್ಟುತ್ತೆ. ಯುದ್ಧ ಬಂದರೆ ಹಡಗು ಸರ್ಕಾರದ್ದು. ಷೇರು ಮಾರ್ಕೆಟ್‌ನ ಕಾಲ್ ಆಪ್ಷನ್ ನೋಡಿ ಇದು! ಪ್ರೀಮಿಯಂ ಈಗ ಕಟ್ಟು, ಬೇಕಾದಾಗ ತಗೋ.

ಆದ್ರೆ ಫಿರಂಗಿ ಇಟ್ಟಾಕ್ಷಣ ಅದು ಯುದ್ಧನೌಕೆ ಆಗಲ್ಲ. ಗುಂಡು ತಡೆಯೋ ದಪ್ಪ ಉಕ್ಕಿನ ಕವಚವೇ ಇರಲ್ಲ, ಎತ್ತರ ಬೇರೆ, ದೂರದಿಂದಲೇ ಗುರಿ ಇಡಬಹುದು.

ಟ್ಯೂಟಾನಿಕ್ ಬದುಕಿಕೊಂಡಿತು. ಐಡಿಯಾನೂ ಬದುಕಿಕೊಂಡಿತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಬ್ರಿಟನ್ ಹಲವು ಲೈನರ್‌ಗಳನ್ನ ಎತ್ಕೊಳ್ತು. ಅದರಲ್ಲಿ ಒಂದು, ಲಂಡನ್–ಬಾಂಬೆ ಮಾರ್ಗದಲ್ಲಿ ಓಡುತ್ತಿದ್ದ ಪಿ ಅಂಡ್ ಓ ಕಂಪನಿಯ ರಾವಲ್ಪಿಂಡಿ. ಕ್ಯಾಪ್ಟನ್ ಎಡ್ವರ್ಡ್ ಕೆನಡಿ, ನೌಕಾಪಡೆಯಿಂದ ರಿಟೈರ್ ಆಗಿದ್ದವರನ್ನ ವಾಪಸ್ ಕರೆಸಿದ್ದು.

ನವೆಂಬರ್ 23, ಐಸ್‌ಲ್ಯಾಂಡ್ ಕಡೆಯ ಸಮುದ್ರ. ಎದುರಿಗೆ ಒಂದಲ್ಲ, ಎರಡು ಜರ್ಮನ್ ಯುದ್ಧನೌಕೆ: ಶಾರ್ನ್‌ಹೋರ್ಸ್ಟ್, ಗ್ನೈಸೆನಾವ್. ಅವುಗಳದ್ದು 11 ಇಂಚಿನ ಫಿರಂಗಿ, ಇವರದ್ದು 6 ಇಂಚಿನ ಹಳೇ ಫಿರಂಗಿ. ಕೆನಡಿ ಶರಣಾಗಲಿಲ್ಲ. ಕಾಳಗ ಒಂದು ಗಂಟೆನೂ ನಡೀಲಿಲ್ಲ.

ಸತ್ತವರು 238 ಜನ, ಕೆನಡಿ ಸೇರಿ. ಅವರಲ್ಲಿ ಮೀಸಲು ಪಡೆಯ ನಾವಿಕರಿದ್ದರು. ಕೆಲವರಂತೂ ಯುದ್ಧಕ್ಕೆ ಮುಂಚೆ ಅದೇ ಹಡಗಲ್ಲಿ ಪ್ರಯಾಣಿಕರ ಕಾಲದಿಂದ ಕೆಲಸ ಮಾಡಿಕೊಂಡಿದ್ದ ಕಂಪನಿ ನೌಕರರು. ಉಳಿದವರು ಕೆಲವೇ ಜನ.

ಮುಂದಿನ ವಾರ ಸಿಗೋಣ.