ಮುಂಗಾರಿನ ಬಲ, ಊರಿನ ಮಳೆ



ಮುಂಗಾರು ಬಲವಾದರೆ ಎಲ್ಲೆಡೆಯೂ ಮಳೆ ಸಮೃದ್ಧಿಯೆಂದು ನಾವು ಭಾವಿಸುವುದುಂಟು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನಗೆ ಈ ಮಾತು, ಶಾಖೆಯ ಒಟ್ಟು ಠೇವಣಿ ಹೆಚ್ಚಿದರೆ ಪ್ರತಿಯೊಬ್ಬರ ಖಾತೆಯೂ ತುಂಬಿತೆಂದಂತೆ ಕೇಳಿಸುತ್ತದೆ.

2024ನ್ನೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಒಟ್ಟು ಮಳೆ ವಾಡಿಕೆಯ ಶೇಕಡಾ 108. ಈಶಾನ್ಯ ಭಾರತದಲ್ಲಿ ಮಾತ್ರ ಶೇಕಡಾ 86. ಇದು ಒಂದು ವರ್ಷದ ಮಾತು. ಸಾವಿರಾರು ವರ್ಷಗಳ ಲೆಕ್ಕವೂ ಹೀಗೆಯೇ.

ಸುಮಾರು 9,000 ವರ್ಷಗಳ ಹಿಂದೆ ಉತ್ತರಾರ್ಧ ಗೋಳದ ಬೇಸಗೆಯ ಬಿಸಿಲು ಇಂದಿಗಿಂತ ಪ್ರಖರವಾಗಿತ್ತು. ನೆಲ ಹೆಚ್ಚು ಕಾದು, ಮುಂಗಾರಿನ ಗಾಳಿ ಬಲವಾಗಿ ಬೀಸಿತು. ಅಂಥ ಗಾಳಿಗೆ ಅರಬ್ಬೀ ಸಮುದ್ರದ ಆಳದ ತಣ್ಣೀರು ಮೇಲೇರುತ್ತದೆ. ಆ ನೀರಿನಲ್ಲಿ ಹೆಚ್ಚುವ ಸೂಕ್ಷ್ಮಜೀವಿಗಳ ಚಿಪ್ಪುಗಳು ಕಡಲ ತಳದ ಕೆಸರಿನಲ್ಲಿ ಸಾಕ್ಷಿಯಾಗಿ ಉಳಿದಿವೆ. ಆದರೆ ಆ ಕಾಲದಲ್ಲಿ ರಾಜಸ್ಥಾನದ ಲೂಣಕರಣಸರ ಸರೋವರದಲ್ಲಿ ನೀರು ಅಲ್ಪವೇ. ಅದು ತುಂಬಿದ್ದು ಸುಮಾರು 7,000 ವರ್ಷಗಳ ಹಿಂದೆ. 5,000 ವರ್ಷಗಳಿಗೆ ಮೊದಲೇ ಪೂರ್ತಿ ಬತ್ತಿತು.

ಏಕೆ ಹೀಗೆ? ಗಾಳಿ ನೀರಾವಿಯನ್ನು ಹೊತ್ತು ತರುತ್ತದೆ. ಅದು ಎಲ್ಲಿ ಮೇಲೇರಿ ತಣಿಯುವುದೋ ಅಲ್ಲಿ ಮಳೆ. ಘಟ್ಟದ ಈಚೆಯ ನಮ್ಮ ಮುಂಬಯಿಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು. ಆಚೆಯ ಪುಣೆಗೆ ಸುಮಾರು 700. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಸಾಗುವ ದಾರಿ ಬದಲಾದರೂ ಮಳೆ ಕಾಣುವ ಊರು ಬದಲಾಗುತ್ತದೆ.

ಆದುದರಿಂದ, ಮುಂಗಾರು ಚೆನ್ನಾಗಿದೆಯೆಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ಚಿತ್ರದುರ್ಗದ ಕಡೆಯ ನಮ್ಮ ಬಂಧುಗಳು ನಿಶ್ಚಿಂತರೆಂದು ತಿಳಿಯದಿರೋಣ. ಅವರ ತಾಲ್ಲೂಕಿನ ಮಳೆ ಎಷ್ಟೆಂದು ವಿಚಾರಿಸೋಣ. ನೆರವು ಕಳಿಸುವಾಗಲೂ ಆ ಲೆಕ್ಕವನ್ನೇ ನೋಡೋಣವೆಂದು ಬಿನ್ನವಿಸಿ ವಿರಮಿಸುತ್ತೇನೆ.