ಮೊಬೈಲ್ ನೇರ ಪ್ರಸಾರದಿಂದ ಮಾರಾಟ: ವೇದಿಕೆಯನ್ನು ಆರಿಸುವುದು ಹೇಗೆ?

(ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಬೆಳೆಯುವುದು ಹೇಗೆ ಎಂದು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಳೆದದ್ದನ್ನು ಮಾರುವುದು ಹೇಗೆ ಎಂದು ಹೇಳುವವರು ಕಡಿಮೆ. ಈ ಕೊರತೆಯನ್ನು ತುಂಬಲು ಹೋಗಿ ನಾನೇ ಒಮ್ಮೆ ಎಡವಿದ್ದೇನೆ. ಆ ಸಂಗತಿಯಿಂದಲೇ ಮಾತು ಆರಂಭಿಸುತ್ತೇನೆ.

2023ರ ಮೇ ತಿಂಗಳು. ನಮ್ಮ ಭಾಗದ ಒಂದು ಮಾವು ಬೆಳೆಗಾರರ ಕಂಪನಿಯವರು ಬಾದಾಮಿ ಹಣ್ಣನ್ನು ನೇರವಾಗಿ ಗ್ರಾಹಕರಿಗೆ ಕಳುಹಿಸಬೇಕೆಂದು ಹೊರಟರು. ಮೂರು ಲಕ್ಷಕ್ಕೂ ಮೀರಿ ಫಾಲೋವರ್ಸ್ ಇರುವ ಒಂದು ಪೇಜಿನವರನ್ನು ಗೊತ್ತು ಮಾಡಿಕೊಟ್ಟವನು ನಾನು. 15,000 ರೂಪಾಯಿ ಮುಂಗಡ ಕೊಟ್ಟದ್ದಾಯಿತು. ಸಂಜೆ ತೋಟದಿಂದ ನಲವತ್ತು ನಿಮಿಷ ಲೈವ್ ನಡೆಯಿತು. ಒಮ್ಮೆಗೆ ಒಂಬೈನೂರು ಜನರವರೆಗೆ ನೋಡಿದರು. ಕಾಮೆಂಟುಗಳು ಮಳೆಯಂತೆ ಸುರಿದವು. ಆದರೆ ಬಂದ ಆರ್ಡರು 41 ಪೆಟ್ಟಿಗೆಗೆ ಮಾತ್ರ. ನಾವೋ, 200 ಪೆಟ್ಟಿಗೆಗೆ ಆಗುವಷ್ಟು ಕಾಯಿ ಕೀಳಿಸಿ ಹಣ್ಣಿಗೆ ಹಾಕಿದ್ದೆವು. ಉಳಿದದ್ದು ತೀರ ಮಾಗಿ ಮಂಡಿಗೆ ಹೋಯಿತು. ಸಿಕ್ಕ ಬೆಲೆಗೆ ಕೊಟ್ಟು ಬಂದೆವು. ಅರವತ್ತು ಪೆಟ್ಟಿಗೆಯಷ್ಟು ಕಾಯಿ ಕೊಟ್ಟಿದ್ದ ಒಬ್ಬ ಸದಸ್ಯೆ, ಗಂಡನಿಲ್ಲದೆ ಎರಡೆಕರೆ ತೋಟ ನಡೆಸುವಾಕೆ, ನನ್ನನ್ನು ಕೇಳಿದರು: "ಸಾರ್, ನೋಡ್ದೋರು ಅಷ್ಟು ಜನ ಇದ್ರಲ್ಲ, ತಗೊಂಡೋರು ಯಾಕೆ ಇಷ್ಟೇ?" ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿಕೊಂಡ ಉತ್ತರವನ್ನೇ ಈಗ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಲೆಕ್ಕ. ಆಗ 3 ಕಿಲೋ ಪೆಟ್ಟಿಗೆಯನ್ನು 600 ರೂಪಾಯಿಗೆ ಮಾರಿದೆವು. ಅದೇ ಹಣ್ಣಿಗೆ ಮಂಡಿಯಲ್ಲಿ ಸಿಗಬಹುದಾಗಿದ್ದ ಬೆಲೆ 180, ಪೆಟ್ಟಿಗೆ ಮತ್ತು ಪ್ಯಾಕಿಂಗಿಗೆ 45, ಕೊರಿಯರಿಗೆ 120, ದಾರಿಯಲ್ಲಿ ಕೆಡುವುದಕ್ಕೆಂದು 30. ಇವನ್ನು ಕಳೆದರೆ ಪೆಟ್ಟಿಗೆಗೆ 225 ರೂಪಾಯಿ ಹೆಚ್ಚುವರಿ ಉಳಿಯುತ್ತದೆ. 15,000ವನ್ನು 225ರಿಂದ ಭಾಗಿಸಿದರೆ 67 ಪೆಟ್ಟಿಗೆ. ಅಂದರೆ 67 ಪೆಟ್ಟಿಗೆ ಹೋದ ನಂತರವೇ ನಮಗೆ ಮಂಡಿಗಿಂತ ಒಂದು ರೂಪಾಯಿಯಾದರೂ ಮೇಲಾಗುತ್ತಿತ್ತು. ಈ ಭಾಗಾಕಾರವನ್ನು ಹಣ ಕೊಡುವ ಮೊದಲು ಮಾಡಬೇಕಾಗಿತ್ತು. ನಾನು ಮಾಡಿದ್ದು ಅನಂತರ.

ಇನ್ನು ಈ ಪದ್ಧತಿ ಬಂದ ಮೂಲದ ಬಗ್ಗೆ ಒಂದೆರಡು ಮಾತು. ನೇರ ಪ್ರಸಾರದ ಮಾರಾಟ ದೊಡ್ಡದಾಗಿ ಬೆಳೆದದ್ದು ಚೀನಾದಲ್ಲಿ. ಅಲ್ಲಿಯ ತಾವೋಬಾವೋ ಎಂಬ ಅಂಗಡಿ ತಾಣ 2016ರಲ್ಲಿ ಲೈವ್ ಆರಂಭಿಸಿತು. 2020ರಲ್ಲಿ ಕೋವಿಡ್‌ನಿಂದ ದಾರಿಗಳು ಮುಚ್ಚಿದಾಗ ಕೌಂಟಿಗಳ ಅಧಿಕಾರಿಗಳೇ ಫೋನಿನ ಮುಂದೆ ಕುಳಿತು ತಮ್ಮ ಊರಿನ ಹಣ್ಣು, ಅಣಬೆಗಳನ್ನು ಮಾರಿದರು. ಖಾಸಗಿ ಟ್ಯೂಷನ್ನಿನ ಮೇಲೆ ಸರ್ಕಾರ 2021ರಲ್ಲಿ ನಿರ್ಬಂಧ ಹಾಕಿದ ಮೇಲೆ ಒಂದು ದೊಡ್ಡ ಪಾಠ ಹೇಳುವ ಕಂಪನಿ ಕೃಷಿ ಉತ್ಪನ್ನಗಳ ಲೈವ್‌ಗೆ ಇಳಿಯಿತು. ಅದರ ಇಂಗ್ಲಿಷ್ ಮೇಷ್ಟ್ರು ಡಾಂಗ್ ಯೂಹೂಯಿ 2022ರ ಜೂನ್‌ನಲ್ಲಿ ಮಾರಾಟದ ನಡುವೆಯೇ ಪಾಠ ಹೇಳುತ್ತ ರಾತ್ರೋರಾತ್ರಿ ಹೆಸರಾದರು. ಅದೇ ವರ್ಷ ಇನ್ನೊಬ್ಬ ಲೈವ್ ಮಾರಾಟಗಾರರು ಆಕ್ಷೇಪ ಎತ್ತಿದರು: ಹೊಲದಲ್ಲಿ 0.7 ಯುವಾನ್‌ಗೆ ಸಿಗುವ ಜೋಳದ ತೆನೆಯನ್ನು ಇವರು 6 ಯುವಾನ್‌ಗೆ ಮಾರುತ್ತಿದ್ದಾರೆ ಎಂದು. ಪ್ಯಾಕಿಂಗ್, ಸಾಗಣೆ, ಕೆಡುವಿಕೆ ಎಲ್ಲ ಅದರೊಳಗೆ ಸೇರಿದ್ದವು ಎಂಬುದು ನಿಜ. ಆದರೂ ಬೆಲೆಯಲ್ಲಿ ಬೆಳೆದವನ ಪಾಲೆಷ್ಟು ಎಂಬ ಆ ಪ್ರಶ್ನೆ ನಮ್ಮದೂ ಹೌದು. 2024ರಲ್ಲಿ ಆ ಮೇಷ್ಟ್ರು ಕಂಪನಿಯಿಂದ ಬೇರೆಯಾದರು. ಆಗ ಕಂಪನಿಯ ಷೇರು ಬಿದ್ದುಹೋಯಿತು. ಸರಕಿಗಿಂತ ಮುಖವನ್ನು ನಂಬಿದ್ದರೆ ಹೀಗಾಗುತ್ತದೆ.

ಚೀನಾದ ಲೈವ್‌ನಲ್ಲಿ ನೋಡುವವನು ಅದೇ ಪರದೆಯ ಮೇಲೆ ಬೆರಳಿಟ್ಟು ಹಣ ಕೊಟ್ಟುಬಿಡುತ್ತಾನೆ. ನಮ್ಮಲ್ಲಿ ಸಾಮಾನ್ಯ ರೈತನಿಗೆ ಎಟಕುವ ವೇದಿಕೆಗಳು ಹಾಗಿಲ್ಲ. ಫೇಸ್‌ಬುಕ್ಕಿನವರು ಕೆಲವು ದೇಶಗಳಲ್ಲಿ ನಡೆಸುತ್ತಿದ್ದ ಲೈವ್ ಅಂಗಡಿಯನ್ನು 2022ರ ಅಕ್ಟೋಬರ್ 1ರಂದು ನಿಲ್ಲಿಸಿದರು. ಇನ್‌ಸ್ಟಾಗ್ರಾಂನದು 2023ರ ಮಾರ್ಚ್‌ನಲ್ಲಿ ನಿಂತಿತು. ಆದ್ದರಿಂದ ನಮ್ಮ ಗಿರಾಕಿ ಲೈವ್ ನೋಡಿ, ಅದರಿಂದ ಹೊರಗೆ ಬಂದು, ವಾಟ್ಸ್‌ಆ್ಯಪ್‌ನಲ್ಲಿ ವಿಳಾಸ ಕಳುಹಿಸಿ, ಯುಪಿಐ ಮೂಲಕ ಹಣ ಹಾಕಬೇಕು. ಇಷ್ಟು ಹೆಜ್ಜೆ ಇಡುವುದರೊಳಗೆ ಅರ್ಧ ಜನ ಜಾರಿಹೋಗುತ್ತಾರೆ. ನಮ್ಮ ಲೈವ್‌ನಲ್ಲಿ ಫೋನ್ ನಂಬರನ್ನು ಎರಡೇ ಬಾರಿ ಹೇಳಿದ್ದರು. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹಣ್ಣಿನ ರಾಶಿಯ ಮೇಲೆ ನಿಲ್ಲಿಸಿದ್ದರೆ ಸಾಕಾಗುತ್ತಿತ್ತು.

ಈಗ ವೇದಿಕೆಗಳ ವಿಚಾರ. "ಯಾವ ವೇದಿಕೆ ಒಳ್ಳೆಯದು?" ಎಂದು ಎಲ್ಲರೂ ಕೇಳುತ್ತಾರೆ. ಯಾವ ತಳಿ ಒಳ್ಳೆಯದು ಎಂದು ತಾವು ಕೇಳಿದರೆ, ಮಣ್ಣು ಯಾವುದು, ನೀರೆಷ್ಟು ಎಂದು ನಾವು ತಿರುಗಿ ಕೇಳುವುದಿಲ್ಲವೇ? ಇಲ್ಲಿಯೂ ಅಷ್ಟೆ. ಕೊಳ್ಳುವವರು ಯಾರು, ಎಲ್ಲಿದ್ದಾರೆ, ನಿಮ್ಮ ಸರಕು ಎಷ್ಟು ದಿನ ತಾಳುತ್ತದೆ ಎಂಬ ಮೂರು ಸಂಗತಿ ಗೊತ್ತಾದರೆ ವೇದಿಕೆ ತಾನಾಗಿಯೇ ತೀರ್ಮಾನವಾಗುತ್ತದೆ.

ಯೂಟ್ಯೂಬಿನಲ್ಲಿ ಮೊಬೈಲ್‌ನಿಂದ ಲೈವ್ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರು ಬೇಕು. ಫೋನ್ ನಂಬರ್ ದೃಢಪಡಿಸಬೇಕು. ಮೊದಲ ಬಾರಿಗೆ ಅನುಮತಿ ಸಿಗಲು 24 ಗಂಟೆಯವರೆಗೆ ಕಾಯಬೇಕಾಗಬಹುದು. ಆದ್ದರಿಂದ ಹಣ್ಣು ಕಿತ್ತ ದಿನ ಚಾನೆಲ್ ತೆರೆಯಲು ಹೋಗಬೇಡಿ. ಇದರ ದೊಡ್ಡ ಗುಣವೆಂದರೆ 12 ಗಂಟೆಯೊಳಗಿನ ಲೈವ್ ಮುಗಿದ ಮೇಲೆ ತಾನಾಗಿಯೇ ಚಾನೆಲ್ಲಿನಲ್ಲಿ ಉಳಿಯುವುದು. ಬೆಲ್ಲ, ಒಣಮೆಣಸಿನಕಾಯಿ, ಸಿರಿಧಾನ್ಯ, ಜೇನು ಮುಂತಾಗಿ ತಾಳುವ ಸರಕು ಇರುವವರಿಗೆ ಇದೇ ಮೇಲು. ಈ ವರ್ಷ ಮಾಡಿದ್ದನ್ನು ಮುಂದಿನ ಹಂಗಾಮಿನಲ್ಲೂ ಜನ ಹುಡುಕಿ ನೋಡುತ್ತಾರೆ.

ಫೇಸ್‌ಬುಕ್ಕಿನಲ್ಲಿ ಖಾತೆ 60 ದಿನ ಹಳೆಯದಾಗಿರಬೇಕು, ಪೇಜಿಗೆ 100 ಫಾಲೋವರ್ಸ್ ಇರಬೇಕು. 2025ರ ಫೆಬ್ರವರಿಯಿಂದ ಅಲ್ಲಿ ಲೈವ್ ವಿಡಿಯೋ 30 ದಿನ ಮಾತ್ರ ಉಳಿಯುತ್ತದೆ. ಬೇಕಾದರೆ ಅದರೊಳಗೆ ಇಳಿಸಿಟ್ಟುಕೊಳ್ಳಬೇಕು. ಇನ್‌ಸ್ಟಾಗ್ರಾಂನಲ್ಲಿ 2025ರ ಆಗಸ್ಟ್‌ನಿಂದ ಲೈವ್‌ಗೆ 1,000 ಫಾಲೋವರ್ಸ್ ಬೇಕೆಂಬ ನಿಯಮ ಬಂದಿದೆ. ಹೊಸ ಸಂಘಕ್ಕೆ ಇದು ಎತ್ತರದ ಮೆಟ್ಟಿಲು. ನಗರದ ಯುವ ಗಿರಾಕಿಯೇ ಬೇಕು, ಹಣ್ಣು ನಾಲ್ಕು ದಿನದಲ್ಲಿ ಹೋಗಬೇಕು ಎಂದಾದರೆ ಆಗ ಇನ್‌ಸ್ಟಾಗ್ರಾಂನಲ್ಲಿ ಹೆಸರು ಮಾಡಿದವರನ್ನು ಜೊತೆಗೆ ಕರೆದುಕೊಳ್ಳುವುದು ಸರಿ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಸಗಟು ಮಾಲಿಗೆ ಇದಾವುದೂ ಬೇಡ. ಐವತ್ತು ಕ್ವಿಂಟಾಲ್ ಮೆಣಸಿನಕಾಯಿ ಇದ್ದರೆ ಸಾವಿರ ನೋಡುಗರು ಏಕೆ? ಹತ್ತು ಜನ ವ್ಯಾಪಾರಿಗಳನ್ನು ವಾಟ್ಸ್‌ಆ್ಯಪ್ ವಿಡಿಯೋ ಕರೆಗೆ ಸೇರಿಸಿ, ಚೀಲ ಸುರಿದು ಬಣ್ಣ ತೋರಿಸಿ, ಮುರಿದು ಸದ್ದು ಕೇಳಿಸಿದರೆ ಆಯಿತು. ಆ ಕರೆಯಲ್ಲಿ 32 ಮಂದಿಯವರೆಗೆ ಸೇರಬಹುದು. ಖರ್ಚಿಲ್ಲ.

ಯಾವುದನ್ನೇ ಆರಿಸಿ, ಖಾತೆ ನಿಮ್ಮದಿರಲಿ. ನಮ್ಮ ಲೈವ್ ನಡೆದದ್ದು ಅವರ ಪೇಜಿನಲ್ಲಿ. ಮರುದಿನ ಅವರು ಅದನ್ನು ತೆಗೆದುಹಾಕಿದರು. ರಾತ್ರಿ ನೋಡಿ ಬೆಳಿಗ್ಗೆ ಕೊಳ್ಳೋಣ ಎಂದಿದ್ದವರಿಗೆ ಗುರುತೇ ಸಿಗಲಿಲ್ಲ. ಅಲ್ಲದೆ ಒಂದೇ ವೇದಿಕೆಯನ್ನು ನೆಚ್ಚಬಾರದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ವರ್ಷಗಟ್ಟಲೆ ಅಲ್ಲಿ ಜನರನ್ನು ಕೂಡಿಸಿದ್ದವರಿಗೆ ಏನೂ ಉಳಿಯಲಿಲ್ಲ. ಕೊಂಡವರ ಹೆಸರು, ಫೋನ್ ನಂಬರ್‌ಗಳನ್ನು ಅವರ ಒಪ್ಪಿಗೆ ಪಡೆದು ಒಂದು ರಿಜಿಸ್ಟರಿನಲ್ಲಿ ಬರೆದಿಡಿ. ಆ ಪುಸ್ತಕವನ್ನು ಯಾರೂ ಮುಚ್ಚಲಾರರು.

ಸಿಗ್ನಲ್ ವಿಷಯ. ವಿಡಿಯೋ ನೋಡಲು ಬೇಕಾಗುವುದು ಇಳಿತದ ವೇಗ. ಲೈವ್ ಕಳುಹಿಸಲು ಬೇಕಾಗುವುದು ಏರಿಕೆಯ ವೇಗ. ತೋಟದಲ್ಲಿ ಸಿನಿಮಾ ಚೆನ್ನಾಗಿ ಬರುತ್ತದೆ ಎಂದ ಮಾತ್ರಕ್ಕೆ ಲೈವ್ ಹೋಗುತ್ತದೆಂದು ತಿಳಿಯಬಾರದು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಕಳುಹಿಸಿದರೆ ಗಂಟೆಗೆ ಸುಮಾರು 900 ಎಂಬಿ ಡೇಟಾ ಖರ್ಚಾಗುತ್ತದೆ. ಸಂಜೆ ಏಳರಿಂದ ಒಂಬತ್ತು ಜನ ನೋಡುವ ಹೊತ್ತು. ಟವರಿನ ಮೇಲೆ ಹೊರೆ ಬೀಳುವ ಹೊತ್ತೂ ಅದೇ. ಎರಡು ದಿನ ಮೊದಲು, ಅದೇ ಜಾಗದಲ್ಲಿ, ಅದೇ ಗಂಟೆಗೆ ಪರೀಕ್ಷೆ ಮಾಡಿ. ತೋಟದಲ್ಲಿ ಆಗದಿದ್ದರೆ ಪ್ಯಾಕಿಂಗ್ ಮನೆಯಿಂದ ಮಾಡಿ, ನಷ್ಟವೇನಿಲ್ಲ. ನೀವು ಆಡಿದ ಮಾತು ನೋಡುವವರಿಗೆ ತಲುಪಲು ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೂ ಹಿಡಿಯಬಹುದು. ಪ್ರಶ್ನೆ ಬರಲಿಲ್ಲವೆಂದು ಗಾಬರಿಯಾಗಿ ಲೈವ್ ಮುಗಿಸಬೇಡಿ.

ಇನ್ನು ಮಾತಾಡುವ ವ್ಯಕ್ತಿ, ಅಂದರೆ ಇನ್‌ಫ್ಲುಯೆನ್ಸರ್. ಫಾಲೋವರ್ಸ್ ಎಷ್ಟು ಎಂದು ಕೇಳಬೇಡಿ. ಕಳೆದ ಮೂರು ಲೈವ್‌ಗಳಲ್ಲಿ ಒಮ್ಮೆಗೆ ಎಷ್ಟು ಜನ ಇದ್ದರು, ಅವರ ನೋಡುಗರು ಯಾವ ಊರಿನವರು ಎಂಬ ಪಟ್ಟಿಯನ್ನು ಅವರ ಫೋನಿನಲ್ಲೇ ತೋರಿಸಲು ಹೇಳಿ. ಅದು ಅವರಿಗೆ ಖಂಡಿತ ಸಿಗುತ್ತದೆ. ನಮ್ಮ ಪೇಜಿನ ನೋಡುಗರಲ್ಲಿ ಬಹುಪಾಲು ಜನ ಹೊರರಾಜ್ಯದವರು. ಅಲ್ಲಿಗೆ ನಮ್ಮ ಕೊರಿಯರು ಹಣ್ಣು ಒಯ್ಯುವುದೇ ಇಲ್ಲ! ಆ ಸದಸ್ಯೆ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿಯೇ ಇದೆ. ಸಂಭಾವನೆಯನ್ನು ಸಾಧ್ಯವಾದಷ್ಟೂ ಪೆಟ್ಟಿಗೆಗಿಷ್ಟು ಎಂದು ಗೊತ್ತು ಮಾಡಿ. ಮಾರಿದರೆ ಅವರಿಗೂ ಲಾಭ, ಮಾರದಿದ್ದರೆ ನಷ್ಟ ನಿಮ್ಮೊಬ್ಬರ ತಲೆಯ ಮೇಲಿಲ್ಲ.

ಕಾನೂನನ್ನೂ ತಿಳಿದಿರಬೇಕು. ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಬಹಿರಂಗಪಡಿಸತಕ್ಕದ್ದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಲೈವ್ ಆದರೆ ಪ್ರಸಾರದ ಉದ್ದಕ್ಕೂ 'ಜಾಹೀರಾತು' ಎಂಬ ಸೂಚನೆ ಕಾಣುತ್ತಿರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಮಾತಾಡಿದವರಿಗೆ ಮಾತ್ರವಲ್ಲ, ಮಾತಾಡಿಸಿದವರಿಗೂ. ಆದ್ದರಿಂದ "ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ" ಎಂದು ಸಿರಿಧಾನ್ಯದ ಬಗ್ಗೆ ಹೇಳಗೊಡಬೇಡಿ. ಉಪ್ಪಿನಕಾಯಿ, ಹಪ್ಪಳದಂಥ ತಯಾರಿಕೆಗಳನ್ನು ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡೇ ಲೈವ್‌ಗೆ ಇಳಿಯಬೇಕು. ಮಾವಿನವರನ್ನು ಜನ ಕೇಳುವ ಮೊದಲ ಪ್ರಶ್ನೆ, "ಕಾರ್ಬೈಡ್ ಹಾಕಿದ್ದೀರಾ?" ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ನಿಷಿದ್ಧ, ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ ಬಳಸಬಹುದು. ಹುಲ್ಲಿನಲ್ಲಿ ಹಾಕಿದ್ದರೆ ಹುಲ್ಲನ್ನೇ ತೋರಿಸಿ. ಚೀನಾದ ಸಿಚುವಾನ್ ಪ್ರಾಂತದ ಲಿಯಾಂಗ್‌ಶಾನ್‌ನಲ್ಲಿ ಬಡ ಹಳ್ಳಿಗರ ವೇಷ ಹಾಕಿ, ಬೇರೆಡೆಯ ಮಾಲನ್ನು ಬೆಟ್ಟದ ಬೆಳೆಯೆಂದು ಲೈವ್‌ನಲ್ಲಿ ಮಾರಿದವರಿಗೆ 2024ರಲ್ಲಿ ಸೆರೆವಾಸವಾಯಿತು.

2024ರಲ್ಲಿ ಅದೇ ಕಂಪನಿಯವರು ನನ್ನನ್ನು ಮತ್ತೆ ಕರೆದರು. ಹೋಗಲು ಸಂಕೋಚವಿತ್ತು, ಆದರೂ ಹೋದೆ. ಈ ಬಾರಿ ಕರೆದದ್ದು ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಅಡುಗೆ ವಿಡಿಯೋ ಮಾಡುವ ನಮ್ಮ ತಾಲ್ಲೂಕಿನ ಹುಡುಗಿಯನ್ನು. ಅವಳ ಚಂದಾದಾರರು ಆರು ಸಾವಿರದಷ್ಟು, ಹೆಚ್ಚಿನವರು ಬೆಂಗಳೂರಿನವರೇ. ಸಂಭಾವನೆ ಪೆಟ್ಟಿಗೆಗೆ 60 ರೂಪಾಯಿ. ಲೈವ್ ಮಾಡಿದ್ದು ಕಂಪನಿಯ ಸ್ವಂತ ಯೂಟ್ಯೂಬ್ ಚಾನೆಲ್ಲಿನಲ್ಲಿ. ಮುಂಗಡ ಹಣ ಬಂದಷ್ಟು ಪೆಟ್ಟಿಗೆಗೆ ಮಾತ್ರ ಕಾಯಿ ಕೀಳುವುದೆಂದು ಮೊದಲೇ ಸಾರಿದೆವು. ಹಣ್ಣು ಒಂದು ವಾರ ತಡವಾಗಿ ಬರುತ್ತದೆಂದು ಗಿರಾಕಿಗೂ ಹೇಳಿದೆವು. ಆ ರಾತ್ರಿ 58 ಪೆಟ್ಟಿಗೆಗೆ ಆರ್ಡರು ಬಂತು. ಉಳಿಸಿಟ್ಟ ವಿಡಿಯೋ ನೋಡಿ ಮುಂದಿನ ಹತ್ತು ದಿನಗಳಲ್ಲಿ ಇನ್ನೂ 88. ಬೆಲೆ, ಖರ್ಚು ಹಿಂದಿನಷ್ಟೇ ಇದ್ದುದರಿಂದ ಅವಳ 60 ಕಳೆದು ಪೆಟ್ಟಿಗೆಗೆ 165ರಂತೆ 24,090 ರೂಪಾಯಿ ಮಂಡಿಗಿಂತ ಮೇಲೆ ಉಳಿಯಿತು. ಮರದಿಂದ ಕಿತ್ತು ಎಸೆದ ಹಣ್ಣು ಇರಲಿಲ್ಲ. ಹಿಂದಿನ ವರ್ಷ ಅರವತ್ತು ಪೆಟ್ಟಿಗೆಯ ಕಾಯಿ ಕೊಟ್ಟಿದ್ದ ಆ ಸದಸ್ಯೆ ಮಾತ್ರ ಈ ಬಾರಿ ಹತ್ತೇ ಪೆಟ್ಟಿಗೆಯಷ್ಟು ಕೊಟ್ಟರು. ನಾನು ಏಕೆಂದು ಕೇಳಲಿಲ್ಲ.

ಊಟದ ನಂತರ ತಾವು ತಮ್ಮ ಫೋನುಗಳನ್ನು ಹಿಡಿದು ಕೇಂದ್ರದ ಹಿಂದಿನ ಸಪೋಟ ತೋಟಕ್ಕೆ ಬನ್ನಿ. ಏರಿಕೆಯ ವೇಗ ಅಳೆಯುವುದನ್ನು, ಚಾನೆಲ್ ತೆರೆಯುವುದನ್ನು ಅಲ್ಲಿಯೇ ಮಾಡಿ ನೋಡೋಣ. ಚಾರ್ಜ್ ಮಾಡಿಕೊಂಡು ಬನ್ನಿ. ಅಲ್ಲಿ ಪ್ಲಗ್ ಇಲ್ಲ.