ವಿದ್ಯಾದಾಸೋಹವೂ ವಿದ್ಯಾರ್ಥಿಗಳೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಹಸಿದವರಿಗೆ ಅನ್ನವಿಕ್ಕುವದು ನಮ್ಮ ಮಠಗಳಿಗೆ ಹೊಸತಲ್ಲ. ಅನ್ನದ ಹಸಿವೆಯು ಒಂದು ಹೊತ್ತಿನ ಪ್ರಸಾದದಿಂದ ಶಾಂತವಾಗುವದು. ಅಕ್ಷರದ ಹಸಿವೆಯಾದರೋ, ಬಾಲ್ಯದಲ್ಲಿ ತೀರದೆ ಹೋದರೆ ಜನ್ಮವಿಡೀ ಬಾಧಿಸುವದು. ವಿದ್ಯೆಯನ್ನು ಪಡೆಯುತ್ತಿರುವವನು ಅದನ್ನು ಪರರಿಗೆ ಹಂಚುವದಕ್ಕೆ ತಾನು ಪಂಡಿತನಾಗುವ ವರೆಗೆ ಕಾಯಬೇಕೇ? ಕಾಯಬೇಕಾಗಿಲ್ಲವೆಂಬದಕ್ಕೆ ಇಬ್ಬರು ವಿದ್ಯಾರ್ಥಿನಿಯರ ಕಾರ್ಯವು ನಿದರ್ಶನವಾಗಿರುವದು.

ಮುಂಬಯಿಯಲ್ಲಿ ಹುಟ್ಟಿ ಪರದೇಶಗಳಲ್ಲಿ ಬೆಳೆದ ಶಾಹೀನ ಮಿಸ್ತ್ರಿಯವರು ಅಮೇರಿಕೆಯಲ್ಲಿ ಆರಂಭಿಸಿದ ವ್ಯಾಸಂಗವನ್ನು ಬಿಟ್ಟು ಬಂದು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಅಲ್ಲಿಯ ಗುಡಿಸಲುಗಳ ಮಕ್ಕಳ ಅವಸ್ಥೆಯು ಅವರ ಅಂತಃಕರಣವನ್ನು ಕಲಕಿತು. ಪಾಠಕ್ಕೆ ಸ್ಥಳವನ್ನು ಬೇಡಿದಾಗ ಅನೇಕ ಶಾಲೆಗಳು ನಿರಾಕರಿಸಿದವು. ಕಡೆಗೆ ಒಂದು ಶಾಲೆಯು ಬಾಗಿಲು ತೆರೆಯಲು, 1991ರಲ್ಲಿ 15 ಮಕ್ಕಳಿಂದ 'ಆಕಾಂಕ್ಷಾ' ಸಂಸ್ಥೆಯ ಮೊದಲ ಕೇಂದ್ರವು ಪ್ರಾರಂಭವಾಯಿತು. ಕಲಿಸಿದವರೂ ಕಾಲೇಜಿನ ವಿದ್ಯಾರ್ಥಿಗಳೇ.

ಸುಮಾರು ಅದೇ ಕಾಲಕ್ಕೆ, ಅಮೇರಿಕೆಯ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾದ ವೆಂಡಿ ಕೋಪ್ ಅವರು, ಪದವೀಧರರು ಎರಡೆರಡು ವರ್ಷ ಬಡವರ ಶಾಲೆಗಳಲ್ಲಿ ಕಲಿಸಬೇಕೆಂಬ ಯೋಜನೆಯನ್ನು 1989ರ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದರು. ಪ್ರಬಂಧವು ಕಪಾಟಿನಲ್ಲಿ ಉಳಿಯಲಿಲ್ಲ. 1990ರಲ್ಲಿ ಸುಮಾರು 500 ತರುಣ ತರುಣಿಯರು 'ಟೀಚ್ ಫಾರ್ ಅಮೇರಿಕಾ' ಸಂಸ್ಥೆಯ ಮೂಲಕ ಶಾಲೆಗಳಿಗೆ ಹೊರಟರು. ಅನ್ಯದೇಶಗಳಲ್ಲಿಯೂ ಇಂಥ ಸಂಸ್ಥೆಗಳನ್ನು ಬೆಳೆಸುವದಕ್ಕಾಗಿ 2007ರಲ್ಲಿ 'ಟೀಚ್ ಫಾರ್ ಆಲ್' ಹುಟ್ಟಿತು. ಇಬ್ಬರ ದಾರಿಗಳೂ ಇಲ್ಲಿ ಕೂಡಿದವು: ಶಾಹೀನರು ಸ್ಥಾಪಿಸಿದ 'ಟೀಚ್ ಫಾರ್ ಇಂಡಿಯಾ' 2009ರಲ್ಲಿ ಮುಂಬಯಿ ಪುಣೆಗಳಲ್ಲಿ ಕಾರ್ಯಾರಂಭ ಮಾಡಿ, ತರುವಾಯ ನಮ್ಮ ಬೆಂಗಳೂರಿಗೂ ಬಂದಿತು.

ಈ ಕ್ರಮಕ್ಕೆ ವಿದ್ವಾಂಸರ ಆಕ್ಷೇಪಣೆಯೂ ಉಂಟು. ಕೆಲವೇ ವಾರಗಳ ಶಿಕ್ಷಣದಿಂದ ಉಪಾಧ್ಯಾಯನು ಸಿದ್ಧನಾಗುವನೇ? ಮಗುವು ಗುರುವನ್ನು ನಂಬುವ ಹೊತ್ತಿಗೆ ಗುರುವೇ ಹೊರಟುಹೋದರೆ ಗತಿಯೇನು? ಈ ಮಾತನ್ನು ತಳ್ಳಿಹಾಕುವದು ಸಲ್ಲದು. ಉತ್ಸಾಹವು ಬೇರೆ, ಬೋಧನಪಾಟವವು ಬೇರೆ. ಬಡವರ ಮಕ್ಕಳು ಶ್ರೀಮಂತರ ಮಕ್ಕಳ ಅಭ್ಯಾಸಕ್ಕೆ ಸಾಧನವಾಗಕೂಡದು.

ಆದರೆ ಆಕ್ಷೇಪಣೆಗೆ ಸಮಾಧಾನವು ಕಾರ್ಯವನ್ನು ನಿಲ್ಲಿಸುವದರಲ್ಲಿಲ್ಲ, ನಿಲ್ಲುವಂತೆ ಕಟ್ಟುವದರಲ್ಲಿದೆ. ಶಾಲೆ ಬಿಟ್ಟ ಮೇಲಿನ ಕೆಲವು ತಾಸುಗಳ ಪಾಠವಷ್ಟೇ ಸಾಲದೆಂದು ಕಂಡುಕೊಂಡ ಆಕಾಂಕ್ಷೆಯವರು ಮುಂದೆ ಮುಂಬಯಿ ಪುಣೆಗಳ ನಗರಸಭೆಗಳೊಡನೆ ಕೂಡಿ ಪೂರ್ಣ ಶಾಲೆಗಳನ್ನೇ ನಡೆಸತೊಡಗಿದರು. ತರುಣರ ಆವೇಶವು ಹೀಗೆ ನಿತ್ಯದ ಕಾಯಕವಾಯಿತು.

ಕಾಯಕವೆಂಬದು ಒಂದು ದಿನದ ಉತ್ಸವವಲ್ಲ. ದಾಸೋಹವೆಂಬದು ಕೊಟ್ಟೆನೆಂಬ ಅಹಂಕಾರವಲ್ಲ. ಕೊಡುವವನೇ ಋಣಿಯು, ಪಡೆಯುವವನು ಆ ಋಣವನ್ನು ತೀರಿಸಲು ಬಂದ ಅತಿಥಿಯು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಮನನ ಮಾಡತಕ್ಕದ್ದು. ಪ್ರತಿಯೊಬ್ಬನು ನೆರೆಯ ಕೇರಿಯ ಒಂದು ಮಗುವಿಗೆ ದಿನಕ್ಕೆ ಒಂದು ತಾಸು ಅಕ್ಷರವನ್ನು ಕಲಿಸಲಿ. ಹಿರಿಯ ಉಪಾಧ್ಯಾಯರು ಅವನಿಗೆ ಕಲಿಸುವ ಕ್ರಮವನ್ನು ತೋರಿಸಲಿ. ಪರೀಕ್ಷೆ ಮುಗಿಸಿ ಊರಿಗೆ ಹೊರಡುವಾಗ, ಕಿರಿಯನೊಬ್ಬನನ್ನು ಕರೆತಂದು ಆ ಮಗುವಿನ ಬಳಿ ಕೂಡ್ರಿಸಿಯೇ ಹೊರಡಲಿ. ಮಗುವಿನ ಪಾಟಿಯ ಎದುರಿನ ಆ ಮಣೆಯು ಒಂದು ದಿನವೂ ಬರಿದಾಗದಿರಲೆಂಬದೇ ಈ ಶುಭಸಮಯದ ಪ್ರಾರ್ಥನೆಯು.